ಬಾಡಿಗೆ ಬಾಕಿಗೆ ಆನ್‌ಲೈನ್ ನೋಟಿಸ್ ನಮೂನೆ: ಕೈಕೊಡುವುದು ಕೊನೆಯ ಪ್ಯಾರಾದಲ್ಲಿ

ಬಾಡಿಗೆ ಕಟ್ಟದವರನ್ನು ಬಿಡಿಸಲು ಆನ್‌ಲೈನ್‌ನಲ್ಲಿ ಸಿಗುವ ಒಂದು ಪುಟದ ನೋಟಿಸ್ ನಮೂನೆಗಳಲ್ಲಿ ಹೆಸರು, ವಿಳಾಸ, ಬಾಕಿ ಮೊತ್ತಕ್ಕೆ ಜಾಗ ಅಚ್ಚುಕಟ್ಟಾಗಿಯೇ ಇರುತ್ತದೆ. ಕೊನೆಯ ಪ್ಯಾರಾ ಓದಿ. ‘15 ದಿನದೊಳಗೆ ಬಾಕಿ ಪಾವತಿಸತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು’ ಎಂದಷ್ಟೇ ಇದ್ದರೆ ಅದು ಹಣ ಕೇಳುವ ಪತ್ರವಾಯಿತು. ಅದನ್ನು ನಂಬಿ ಮನೆ ಖಾಲಿ ಮಾಡಿಸುವ ದಾವೆ ಹೂಡಿದರೆ, ಬಾಡಿಗೆದಾರರ ವಕೀಲರು ಮೊದಲು ಹಿಡಿಯುವುದೇ ಈ ಸಾಲನ್ನು.

ತಿಂಗಳ ಬಾಡಿಗೆ ಮನೆಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಂ. ನೋಟಿಸ್‌ನಲ್ಲಿ ಎರಡು ಮಾತು ಬಿಡಿಸಿ ಬರೆದಿರಬೇಕು: ‘ನಿಮ್ಮ ಬಾಡಿಗೆ ಹಕ್ಕನ್ನು ಈ ನೋಟಿಸ್ ಮೂಲಕ ಮುಕ್ತಾಯಗೊಳಿಸಿದ್ದೇನೆ’, ‘ಇದು ತಲುಪಿದ 15 ದಿನ ಕಳೆದೊಡನೆ ಖಾಲಿ ಸ್ವಾಧೀನ ಒಪ್ಪಿಸಿ’. ಲೆಕ್ಕ ಶುರುವಾಗುವುದು ನೋಟಿಸ್ ಕೈಸೇರಿದ ದಿನದಿಂದ. ‘ಈ ದಿನಾಂಕದಿಂದ 15 ದಿನ’ ಎಂದು ನಮೂನೆಯಲ್ಲಿದ್ದರೆ ತಿದ್ದಿಕೊಳ್ಳಿ. ತಿದ್ದದೆ ಕಳಿಸಿಬಿಟ್ಟಿದ್ದರೂ ಎದೆಗುಂದಬೇಕಿಲ್ಲ; ನಿಜವಾದ 15 ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ಈ ಒಂದೇ ತಪ್ಪಿಗೆ ನೋಟಿಸ್ ಬಿದ್ದುಹೋಗದು.

ಬಾಕಿಯನ್ನು ಒಟ್ಟು ಮೊತ್ತವಾಗಿ ತುಂಬಿಸುವ ನಮೂನೆ ನಮಗೆ ಸುತರಾಂ ಒಪ್ಪಿಗೆಯಿಲ್ಲ. ತಿಂಗಳು, ಕಟ್ಟಬೇಕಿದ್ದದ್ದು, ಬಂದದ್ದು, ಉಳಿದದ್ದು: ನಾಲ್ಕು ಕಾಲಂ ಹಾಕಿ. 3 ವರ್ಷಕ್ಕಿಂತ ಹಳೆಯ ಬಾಕಿ ಕಾಲಮಿತಿ ಮೀರಿರುತ್ತದೆ, ಅದನ್ನು ಸೇರಿಸಿದರೆ ಲೆಕ್ಕದ ಮೇಲಿನ ನಂಬಿಕೆಯೇ ಹೋಗುತ್ತದೆ. ಅಡ್ವಾನ್ಸ್ ಬಗ್ಗೆ ನಮೂನೆ ಮೌನವಾಗಿದ್ದರೆ ಒಂದು ಸಾಲು ಸೇರಿಸಲೇಬೇಕು: ಎಷ್ಟು ಪಡೆದಿದ್ದೀರಿ, ಯಾವಾಗ ಹೊಂದಾಣಿಕೆ ಮಾಡುತ್ತೀರಿ. ಬಾಕಿಗಿಂತ ಅಡ್ವಾನ್ಸೇ ದೊಡ್ಡದಿದ್ದಾಗ ‘ಬಾಕಿಯೇ ಇಲ್ಲ’ ಎಂಬ ವಾದ ಹುಟ್ಟುವುದು ಇಲ್ಲಿಂದಲೇ.

ನೋಟಿಸ್ ಕಳಿಸಿದ ಮೇಲೆ ಬರುವ ಹಣದ ಬಗ್ಗೆ ಸಿದ್ಧ ನಮೂನೆ ಏನೂ ಹೇಳಿಕೊಡುವುದಿಲ್ಲ, ಎಡವುವುದು ಹೆಚ್ಚಾಗಿ ಅಲ್ಲೇ. ಎಂದಿನಂತೆ ‘ಬಾಡಿಗೆ’ ಎಂದು ರಸೀದಿ ಕೊಟ್ಟರೆ, ಬಾಡಿಗೆದಾರರು ಅದೇ 1882ರ ಅಧಿನಿಯಮದ 113ನೇ ಕಲಂ ಹಿಡಿದು ನೋಟಿಸನ್ನೇ ಬಿಟ್ಟುಕೊಟ್ಟಿರಿ ಎಂದು ವಾದಿಸಬಹುದು. ಹಕ್ಕು ಕಾಯ್ದಿರಿಸಿ, ಬಾಡಿಗೆಯಾಗಿ ಅಲ್ಲ, ಮನೆ ಬಳಸುತ್ತಿರುವುದಕ್ಕೆ ಪರಿಹಾರವಾಗಿ ಸ್ವೀಕರಿಸಿದ್ದೇನೆ ಎಂದು ಅದೇ ದಿನ ಲಿಖಿತವಾಗಿ ತಿಳಿಸಿ.

ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ. ನೋಟಿಸ್‌ಗೆ ಸಹಿ ಬಿದ್ದಿರಬೇಕು. ಅಂಚೆಯಲ್ಲಿ ಕಳಿಸಬೇಕು, ಇಲ್ಲವೇ ಬಾಡಿಗೆದಾರರಿಗೆ ಅಥವಾ ಅವರ ಮನೆಯವರಿಗೆ ಕೈಯಾರೆ ಕೊಡಬೇಕು. ಅದಾಗದಿದ್ದರೆ ಎದ್ದು ಕಾಣುವಂತೆ ಮನೆಗೆ ಅಂಟಿಸಬಹುದು. ಅಂಚೆ ರಸೀದಿ, ತಲುಪಿದ ದಾಖಲೆ, ವಾಪಸ್ ಬಂದರೆ ಒಡೆಯದ ಲಕೋಟೆ, ಮೂರನ್ನೂ ಇಟ್ಟುಕೊಳ್ಳಿ.

‘ನೀರು, ಕರೆಂಟ್ ಕಡಿದು ಬೀಗ ಹಾಕಲಾಗುವುದು’ ಎಂಬ ಸಾಲೇನಾದರೂ ನಮೂನೆಯಲ್ಲಿದ್ದರೆ ಆ ಹಾಳೆಯನ್ನೇ ಹರಿದುಹಾಕಿ. ಕೋರ್ಟಿಗೆ ಹೋಗದೆ ಹೊರಹಾಕಿದರೆ ಬಾಡಿಗೆದಾರರು ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಂ ಕೆಳಗೆ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಡಿಕ್ರಿ ಬಂದ ಮೇಲೂ ಬೀಗ ಮುರಿಯುವುದು ನಿಮ್ಮ ಕೆಲಸವಲ್ಲ. ಡಿಕ್ರಿ ಜಾರಿ ಮಾಡಿಸಲು ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕಿ, ಕೋರ್ಟ್ ಅಮೀನರ ಮೂಲಕವೇ ಸ್ವಾಧೀನ ಪಡೆಯಬೇಕು.

ಕರ್ನಾಟಕದ 1999ರ ಬಾಡಿಗೆ ಅಧಿನಿಯಮಕ್ಕೆ ಒಳಪಡುವ ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಈ ನಮೂನೆ ಹೊಂದುವುದೇ ಇಲ್ಲ. ಅಲ್ಲಿ ಬಾಕಿ ಕೇಳಿದ ನೋಟಿಸ್ ತಲುಪಿ 2 ತಿಂಗಳಾದರೂ ಪೂರ್ತಿ ಕಟ್ಟದಿದ್ದಾಗಲೇ 27ನೇ ಕಲಂ ಕೆಳಗೆ ಅರ್ಜಿ. ಅವಧಿ ನಿಗದಿಯಾದ ನೋಂದಾಯಿತ ಕರಾರಿದ್ದವರೂ ಇದನ್ನು ಮುಟ್ಟದೆ, ಕರಾರು ಹಿಡಿದುಕೊಂಡು ನೇರ ವಕೀಲರ ಬಳಿ ಹೋಗುವುದು ಲೇಸು. ಕರಾರಿಲ್ಲದ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ ಮಾತ್ರ, ಮೇಲಿನ ತಿದ್ದುಪಡಿಗಳೊಂದಿಗೆ, ಕರಡಾಗಿ ಬಳಸಬಹುದು.