ಇಂಗ್ಲೆಂಡಿನಲ್ಲಿ ಹಳೇ ಲಾಂಗ್‌ಕೇಸ್ ಗಡಿಯಾರ ಕೊಳ್ಳುವವರೇ, ಮನೆತನದ ಕಥೆಗೆ ದುಡ್ಡು ಕೊಡಬೇಡಿ

ಯಾರ್ಕ್‌ಶೈರಿನಲ್ಲಿರುವ ನಮ್ಮ ಅಕ್ಕ-ಭಾವ ಹೋದ ವರ್ಷ ಲಾಂಗ್‌ಕೇಸ್ ಗಡಿಯಾರವೊಂದನ್ನು, ಅಂದರೆ ಆಳೆತ್ತರದ ಮರದ ಪೆಟ್ಟಿಗೆಯಲ್ಲಿ ನಿಲ್ಲುವ ಹಳೇ ಲೋಲಕದ ಗಡಿಯಾರವನ್ನು, ಕೊಂಡರು. ಮಾರಿದವನು ಅವರಿಗೆ ಮಾಡಿದ ಮೋಸ ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಂಗಡಿಯವನು ಹೇಳಿದ್ದು ಹೀಗೆ: ಗಡಿಯಾರ 1760ರ ಸುಮಾರಿನದು, ಹ್ಯಾಲಿಫ್ಯಾಕ್ಸಿನಲ್ಲಿ ತಯಾರಾದದ್ದು, ಅಂದಿನಿಂದ ಒಂದೇ ಮನೆತನದಲ್ಲಿತ್ತು, ಯಾರ್ಕ್‌ಶೈರ್ ಬಿಟ್ಟು ಕದಲಿಲ್ಲ. ಆ ಮನೆಯ ಹಿರಿಯನೊಬ್ಬ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಸೇನಾಧಿಕಾರಿ. ಬಾಗಿಲ ಒಳಮೈಗೆ ಅವನ ಹೆಸರು ಕೆತ್ತಿದ ಹಿತ್ತಾಳೆ ತಗಡು, ಜೊತೆಗೆ ವಂಶಾವಳಿ ಟೈಪ್ ಮಾಡಿದ ಹಾಳೆ. ಭಾವ ಮಂಡ್ಯದ ಕಡೆಯವರು. ಶ್ರೀರಂಗಪಟ್ಟಣದ ಹೆಸರು ಕೇಳಿದ ಮೇಲೆ ಅವರ ಕಣ್ಣಿಗೆ ಆ ಗಡಿಯಾರ ಬೇರೆಯೇ ಆಗಿ ಕಂಡಿರಬೇಕು. ಬೆಲೆ 2,800 ಪೌಂಡ್. ಸಾಮಾನ್ಯ ಊರುಗಳಲ್ಲಿ ಮಾಡಿದ ಬಿಳಿ ಡಯಲ್‌ನ ಗಡಿಯಾರಗಳು ಈಗ ಹರಾಜಿನಲ್ಲಿ ಕೆಲವು ನೂರು ಪೌಂಡಿಗೆ ಹೋಗುತ್ತವೆ. ಮಿಕ್ಕದ್ದೆಲ್ಲ ಕಥೆಯ ಬೆಲೆ.

ಗಡಿಯಾರ ಆಗಾಗ ನಿಲ್ಲತೊಡಗಿತು. ರಿಪೇರಿಗೆ ಬಂದ ಹಿರಿಯರು ಅದರ ಬಿಳಿ ಡಯಲ್ ನೋಡಿದ ಕೂಡಲೇ 1760 ಆಗುವ ಮಾತೇ ಇಲ್ಲ ಅಂದರಂತೆ. ಇಂಗ್ಲೆಂಡಿನಲ್ಲಿ ಆ ಕಾಲದ ಡಯಲ್‌ಗಳು ಹಿತ್ತಾಳೆಯವು. ಬಿಳಿ ಬಣ್ಣ ಬಳಿದು ಹೂವು ಬರೆದ ಕಬ್ಬಿಣದ ಡಯಲ್ ಬಂದದ್ದು 1770ರ ದಶಕದಲ್ಲಿ. ಬರ್ಮಿಂಗ್‌ಹ್ಯಾಮಿನ ಓಸ್ಬಾರ್ನ್ ಮತ್ತು ವಿಲ್ಸನ್ ಅದರ ಜಾಹೀರಾತು ಕೊಟ್ಟದ್ದು 1772ರಲ್ಲಿ. ಡಯಲ್‌ಗೂ ಯಂತ್ರಕ್ಕೂ ನಡುವೆ ಕೂರಿಸಿದ ಎರಕದ ತಟ್ಟೆಯ ಮೇಲೆ ವಿಲ್ಸನ್ ಅಂತ ಉಬ್ಬಕ್ಷರವೇ ಇತ್ತು. ಡಯಲ್ ಮೇಲೆ ಬರೆದ ಹೆಸರು ಎಷ್ಟೋ ಸಲ ಗಡಿಯಾರ ಮಾರಿದವನದಾಗಿರುತ್ತದೆ, ಅದನ್ನು ನೋಡಿ ಊರು-ಕಾಲ ತೀರ್ಮಾನಿಸಬಾರದು ಅಂತಲೂ ಅವರು ಹೇಳಿದರು.

ಆಮೇಲೆ ಹುಡ್ ಅನ್ನು, ಅಂದರೆ ಡಯಲ್ ಸುತ್ತ ಕವಿದಿರುವ ಪೆಟ್ಟಿಗೆಯ ಮೇಲಿನ ಭಾಗವನ್ನು, ಮುಂದಕ್ಕೆ ಜಾರಿಸಿ ತೆಗೆದರು. ಯಂತ್ರ ಕೂರುವ ಹಲಗೆಯಲ್ಲಿ ಈಗಿನ ಯಂತ್ರಕ್ಕೆ ಸಂಬಂಧವೇ ಇಲ್ಲದ ಹಳೇ ತೂತುಗಳು. ಆ ಹಲಗೆಯನ್ನು ಹೊರುವ ಪಕ್ಕದ ಮರಗಳಿಗೆ ಹೊಸ ಮರದ ತುಂಡು ಸೇರಿಸಿ ಎತ್ತರ ಮಾಡಿದ್ದರು. ಸೆಕೆಂಡಿಗೊಂದು ಸಲ ಬಡಿಯುವ ಲೋಲಕದ ಉದ್ದ ಹೆಚ್ಚುಕಮ್ಮಿ 99 ಸೆಂಟಿಮೀಟರ್. ಯಂತ್ರ ಕದಲದಿದ್ದರೆ ಲೋಲಕದ ತುದಿಯ ಗುಂಡು ಪೆಟ್ಟಿಗೆಯ ಹಿಂದಿನ ಹಲಗೆಗೆ ಉಜ್ಜುವ ಜಾಗವೂ ಕದಲುವುದಿಲ್ಲ. ಇಲ್ಲಿ ಹಳೇ ಉಜ್ಜಿದ ಗುರುತು ಈಗಿನ ಗುಂಡಿಗಿಂತ ಎರಡು ಇಂಚು ಕೆಳಗಿತ್ತು. ಅಂದರೆ ಪೆಟ್ಟಿಗೆ ಒಂದು ಗಡಿಯಾರದ್ದು, ಯಂತ್ರ ಇನ್ನೊಂದರದ್ದು. ವ್ಯಾಪಾರದವರು ಇದಕ್ಕೆ ‘ಮ್ಯಾರೇಜ್’ ಅನ್ನುತ್ತಾರೆ. ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಗಡಿಯಾರ ಉಳಿದಿರುವುದೇ ಹಾಗೆ. ಮುಚ್ಚಿಟ್ಟು ಮಾರುವುದು ಮೋಸ.

ಡಯಲ್ ಬೆನ್ನಿಗೆ ರಿಪೇರಿಗಾರನೊಬ್ಬ ಗೀಚಿದ ಬರಹವೂ ಸಿಕ್ಕಿತು: ಲಿಂಕನ್‌ಶೈರಿನ ಒಂದು ಊರು, 1843. ಯಾರ್ಕ್‌ಶೈರ್ ಬಿಟ್ಟು ಕದಲದ ಗಡಿಯಾರದ ಮೇಲೆ ಲಿಂಕನ್‌ಶೈರ್! ಈ ಗೀಚುಗಳನ್ನು ದಯವಿಟ್ಟು ಯಾರಿಂದಲೂ ಉಜ್ಜಿಸಬೇಡಿ. ಟೈಪ್ ಮಾಡಿದ ಯಾವ ಹಾಳೆಗಿಂತಲೂ ನಂಬಬೇಕಾದ ಸಾಕ್ಷಿ ಅದು. ಆ ಹಿತ್ತಾಳೆ ತಗಡನ್ನು ಬಿಚ್ಚಿದರೆ ಕೆಳಗಿನ ಮರ ಸುತ್ತಲಿನ ಮರದ ಬಣ್ಣದ್ದೇ. ಇನ್ನೂರು ವರ್ಷ ಮುಚ್ಚಿಕೊಂಡಿದ್ದ ಜಾಗ ಹಾಗಿರಲು ಸಾಧ್ಯವಿಲ್ಲ.

ಆ ಅಧಿಕಾರಿ ಇದ್ದದ್ದು ನಿಜ. ಅಕ್ಕನ ಮಗಳು ಹುಡುಕಿ ಅವನ ಉಯಿಲನ್ನೂ ಪತ್ತೆ ಮಾಡಿದಳು. ಉಯಿಲುಗಳನ್ನು ನೋಡಿಕೊಳ್ಳುತ್ತಿದ್ದ ಹಳೇ ಚರ್ಚ್ ನ್ಯಾಯಾಲಯವಾದ ಕ್ಯಾಂಟರ್‌ಬರಿ ಪ್ರಿರಾಗೆಟಿವ್ ಕೋರ್ಟಿನಲ್ಲಿ ದಾಖಲಾದ 1858ರವರೆಗಿನ ಉಯಿಲುಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ನೋಡಬಹುದು. ಅದರಲ್ಲಿ ಗಡಿಯಾರದ ಸುದ್ದಿಯೇ ಇಲ್ಲ. ಇಂಥ ಮೋಸದ ಜಾಣತನ ಇರುವುದೇ ಇಲ್ಲಿ. ಮನುಷ್ಯ ನಿಜ, ಯುದ್ಧ ನಿಜ, ವಂಶಾವಳಿಯೂ ನಿಜ ಇರಬಹುದು. ಆ ಮನುಷ್ಯನಿಗೂ ಈ ಗಡಿಯಾರಕ್ಕೂ ನಂಟು ತೋರಿಸುವ ಒಂದು ಚೀಟಿಯೂ ಇಲ್ಲ. ನೀವು ಕೇಳಬೇಕಾದ್ದು ಆ ಚೀಟಿಯನ್ನು: ಗಡಿಯಾರವನ್ನು ಹೆಸರಿಸಿದ ಉಯಿಲೋ ಮನೆಸಾಮಾನಿನ ಪಟ್ಟಿಯೋ, ಹಳೇ ರಸೀದಿಯೋ, ಮನೆಯಲ್ಲಿ ಅದು ನಿಂತಿದ್ದ ಫೋಟೊವೋ, ಕಡೇಪಕ್ಷ ಅಂಗಡಿಯವನೇ ಅದನ್ನು ಕೊಂಡ ಹರಾಜಿನ ಬಿಲ್ಲೋ.

ಈ ಕೊನೆಯ ಬಿಲ್ ಇನ್ನೊಂದು ಕಾರಣಕ್ಕೂ ಬೇಕು. ಕದ್ದ ಮಾಲನ್ನು ತಿಳಿಯದೆ ಕೊಂಡರೂ ಇಂಗ್ಲೆಂಡಿನ ಕಾನೂನಿನಲ್ಲಿ ಸಾಮಾನ್ಯವಾಗಿ ಅದು ನಿಮ್ಮದಾಗುವುದಿಲ್ಲ. ಕೆಲವು ಹಳೇ ಸಂತೆ-ಮಾರುಕಟ್ಟೆಗಳಲ್ಲಿ ಬಹಿರಂಗವಾಗಿ ಕೊಂಡವರಿಗೆ ಮೊದಲು ಇದ್ದ ರಕ್ಷಣೆಯನ್ನೂ 1994ರ ಕಾಯಿದೆ ತೆಗೆದುಹಾಕಿದೆ.

ಅಕ್ಕ-ಭಾವ ಹಣ ವಾಪಸ್ ಕೇಳಿದರು. 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ ವ್ಯಾಪಾರಿ ಮಾರಿದ ವಸ್ತು ಅವನು ವರ್ಣಿಸಿದಂತೆಯೇ ಇರಬೇಕು. ಆದರೆ ರಸೀದಿಯಲ್ಲಿ ಅವನು ಬರೆದಿದ್ದದ್ದು ‘ಹಳೇ ಗಡಿಯಾರ’ ಅಂತ ಮಾತ್ರ. ಕಥೆಯ ಹಾಳೆಗೆ ಸಹಿಯಿಲ್ಲ, ಅಂಗಡಿಯ ಹೆಸರಿಲ್ಲ. “ನನಗೆ ಮಾರಿದವರು ಹೇಳಿದ್ದನ್ನು ನಿಮಗೆ ಹೇಳಿದೆ” ಅಂದುಬಿಟ್ಟ. ಜಗ್ಗಾಡಿದ ಮೇಲೆ 400 ಪೌಂಡ್ ಕೊಟ್ಟ, ಅಷ್ಟೇ.

ಹಾಗಾಗಿ ಕಾಲ, ಪೆಟ್ಟಿಗೆ-ಯಂತ್ರ ಎರಡೂ ಮೊದಲಿಂದ ಒಟ್ಟಿಗಿದ್ದವೇ ಅನ್ನುವುದು, ಹಿಂದಿನ ಮಾಲೀಕರ ಹೆಸರು, ಇಷ್ಟನ್ನೂ ರಸೀದಿಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ, ಹುಡ್ ತೆಗೆದು ತೋರಿಸಲು ನೆಪ ಹೇಳಿದರೆ, ಅಲ್ಲಿಂದ ಹೊರಟುಬಿಡಿ. ಯಾರಾದರೂ ಸದ್ಯ ಕೊಳ್ಳುವ ಮಾತುಕತೆಯಲ್ಲಿದ್ದರೆ ಯಂತ್ರದ ಹಲಗೆ, ಡಯಲ್‌ನ ಬೆನ್ನು, ಪೆಟ್ಟಿಗೆಯ ಹಿಂಬದಿ, ಈ ಮೂರರ ಫೋಟೊ ಕಳಿಸಿ. ರಿಪೇರಿ ಮಾಡಿದ ಆ ಹಿರಿಯರು ನೋಡಿ ಹೇಳಲು ಒಪ್ಪಿದ್ದಾರೆ.