ಎಡಗೈಗೆ ಗುಳಿಗೆ, ಬಲಗೈಗೆ ಬರೀ ಪ್ಲಾಸ್ಟರ್

ನನ್ನ ಎರಡೂ ಮಣಿಕಟ್ಟು ಮುರಿದಿವೆ. ಎಡಗೈಯದು 31ನೇ ವಯಸ್ಸಿನಲ್ಲಿ, ಬಲಗೈಯದು 37ರಲ್ಲಿ. ಎರಡು ಸಲವೂ ಜಾರಿ ಬಿದ್ದು, ನೆಲಕ್ಕೆ ಕೈ ಊರಿದ್ದೇ ಕಾರಣ. ಮುರಿದದ್ದೂ ಒಂದೇ ಮೂಳೆ: ಹೆಬ್ಬೆರಳಿನ ಕಡೆ ಇರುವ ರೇಡಿಯಸ್, ಅದರ ಮಣಿಕಟ್ಟಿನ ತುದಿ. ಬೀಳುವಾಗ ಕೈ ಊರುವವರಿಗೆ ಹೆಚ್ಚಾಗಿ ಮುರಿಯುವುದು ಇದೇ. ಮೊದಲ ಸಲ ಪ್ಲಾಸ್ಟರ್ ಜೊತೆಗೆ ಹೋಮಿಯೋಪತಿ ಗುಳಿಗೆ ತೆಗೆದುಕೊಂಡೆ. ಎರಡನೇ ಸಲ ಬರೀ ಪ್ಲಾಸ್ಟರ್. ನಡುವೆ ಒಂದು ಕಾಲು ಉಳುಕು, ಲೆಕ್ಕವಿಲ್ಲದಷ್ಟು ಮೂಗೇಟು. ಹೋಲಿಸಿ ನೋಡಲು ಬೇಕಾದ್ದಕ್ಕಿಂತ ಜಾಸ್ತಿಯೇ ಅವಕಾಶ ಸಿಕ್ಕಿತು ಅನ್ನಿ.

ನಾನು ಡಾಕ್ಟರಲ್ಲ. ಹೋಮಿಯೋಪತಿ ಮೇಲೆ ಸಿಟ್ಟೂ ಇಲ್ಲ. ಎಲ್ಲವನ್ನೂ ಬರೆದಿಡುವ ಚಾಳಿ ಇದೆ, ಅಷ್ಟೇ. ಎರಡು ಸಲವೂ ರಾತ್ರಿ ಮಲಗುವ ಮೊದಲು ಹತ್ತಕ್ಕೆ ಎಷ್ಟು ನೋವು ಎಂದು ಅಂಕ ಹಾಕಿ ಡೈರಿಯಲ್ಲಿ ಬರೆದಿದ್ದೆ. (ಬಲಗೈ ಮುರಿದಾಗಿನ ಪುಟಗಳನ್ನು ಎಡಗೈಯಲ್ಲಿ ಬರೆದದ್ದು. ಈಗ ನನಗೇ ಓದಲು ಬರುವುದಿಲ್ಲ, ಅಂಕಗಳನ್ನು ಬಿಟ್ಟು.)

ಗುಳಿಗೆಗಳ ಸರದಿ

ಎಡಗೈ ಮುರಿದಾಗ ಹೋಮಿಯೋಪತಿ ಡಾಕ್ಟರು ಬರೆದುಕೊಟ್ಟ ಪಟ್ಟಿ ಇನ್ನೂ ನೆನಪಿದೆ. ಮೊದಲ ವಾರ ಆರ್ನಿಕಾ 30 (ಈ ಅಂಕಿ ಮದ್ದನ್ನು ಎಷ್ಟು ಸಲ ತೆಳುಗೊಳಿಸಿದ್ದಾರೆ ಅನ್ನುವ ಲೆಕ್ಕ). ಆಮೇಲೆ ಸ್ವಲ್ಪ ದಿನ ರೂಟಾ. ಬಾವು ಇಳಿದ ಮೇಲೆ ಸಿಂಫೈಟಮ್ 200. ಕೊನೆಗೆ ಕಲ್ಕೇರಿಯಾ ಫಾಸ್ 6ಎಕ್ಸ್, ತಿಂಗಳುಗಟ್ಟಲೆ. ಆದರೆ ಒಂದು ಮಾತನ್ನು ಅವರು ಖಡಾಖಂಡಿತವಾಗಿ ಹೇಳಿದ್ದರು: "ಮೊದಲು ಎಕ್ಸ್‌ರೇ ತೆಗೆಸಿ, ಮೂಳೆ ಕೂರಿಸಿಕೊಂಡು ಬನ್ನಿ. ಸೊಟ್ಟ ಮೂಳೆಯನ್ನು ನನ್ನ ಗುಳಿಗೆ ನೆಟ್ಟಗೆ ಮಾಡುವುದಿಲ್ಲ." ಇದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

ಆ ಪಟ್ಟಿ ಆಗ ತುಂಬಾ ಹಿಡಿಸಿತ್ತು. ಹೇಳಿದ್ದು ಹೇಳಿದಂತೆ ನಡೆಯಿತು. ಆರ್ನಿಕಾ ತೆಗೆದುಕೊಂಡ ವಾರದಲ್ಲೇ ಬಾವು ಇಳಿಯಿತು. ಸಿಂಫೈಟಮ್ ಶುರುವಾದ ಮೇಲೆ ಒಳಗಿನ ಚುಚ್ಚುವ ನೋವು ಹೋಯಿತು. ಆರನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿತ್ತು. ಸಿಕ್ಕಿದವರಿಗೆಲ್ಲ ಸಿಂಫೈಟಮ್ ಹೆಸರು ಹೇಳಿಕೊಂಡು ತಿರುಗಿದೆ.

ಆರು ವರ್ಷ ಬಿಟ್ಟು ಬಲಗೈ ಮುರಿದಾಗ ಗುಳಿಗೆ ತೆಗೆದುಕೊಳ್ಳಲಿಲ್ಲ. ಬೇಕಂತಲೇ. ಡೈರಿಯ ಎರಡು ಪುಟ ಪಕ್ಕಪಕ್ಕ ಇಟ್ಟು ನೋಡುವ ಆಸೆ ಇತ್ತು. ಆಗಲೇ ಮೂಳೆ ಹೇಗೆ ಕೂಡಿಕೊಳ್ಳುತ್ತದೆ ಎಂದು ಓದಿದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ವಾರ ಬಾವಿನದು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮುರಿದ ಎರಡು ತುದಿಗಳ ನಡುವೆ ಮೆತ್ತಗಿನ ಸೇತುವೆಯೊಂದು ಬೆಳೆಯುತ್ತದೆ. ತುದಿಗಳ ಅಲುಗಾಟ ಕಡಿಮೆಯಾಗುತ್ತದೆ, ಚುಚ್ಚುವ ನೋವು ನಿಲ್ಲುತ್ತದೆ. ಆಮೇಲೆ ಆ ಸೇತುವೆಯೇ ಗಟ್ಟಿ ಮೂಳೆಯಾಗುತ್ತದೆ. ಮಣಿಕಟ್ಟಿಗೆ ಇದೆಲ್ಲ ಸುಮಾರು ಆರು ವಾರದ ಕೆಲಸ. ಮಕ್ಕಳಲ್ಲಿ ಇನ್ನೂ ಬೇಗ, ಸಿಗರೇಟು ಸೇದುವವರಲ್ಲಿ ನಿಧಾನ. ಮೊದಲಿನ ಆಕಾರಕ್ಕೆ ಮೂಳೆ ತನ್ನನ್ನು ತಾನೇ ತಿದ್ದಿಕೊಳ್ಳುವ ಕೆಲಸ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ.

ಈಗ ಆ ಪಟ್ಟಿಯನ್ನು ಮತ್ತೆ ನೋಡಿ. ಬಾವಿನ ವಾರಕ್ಕೆ ಆರ್ನಿಕಾ. ಸೇತುವೆ ಕಟ್ಟುವ ವಾರಗಳಿಗೆ ಸಿಂಫೈಟಮ್. ಗಟ್ಟಿಯಾಗುವ ತಿಂಗಳುಗಳಿಗೆ ಕಲ್ಕೇರಿಯಾ ಫಾಸ್. ಮೂಳೆಯ ಕ್ಯಾಲೆಂಡರಿನ ಮೇಲೆ ಒಂದೊಂದು ಗುಳಿಗೆಯ ಹೆಸರು ಅಂಟಿಸಿದ ಹಾಗಿದೆ, ಅಲ್ವಾ? ಯಾವ ಗುಳಿಗೆಯ ಸರದಿ ಬಂದರೂ, ಅದು ಮಾಡಬೇಕಾದ ಕೆಲಸ ಆ ಹೊತ್ತಿಗೆ ತಾನಾಗಿಯೇ ಆಗುತ್ತಿರುತ್ತದೆ. ಗುಳಿಗೆ ಸೋಲುವುದಕ್ಕೆ ಜಾಗವೇ ಇಲ್ಲ.

ಬಲಗೈ ಪುಟ ಹೇಳಿದ್ದೂ ಅದನ್ನೇ. ಎಡಗೈ ನೋವು ಆರನೇ ದಿನ ನಾಲ್ಕಕ್ಕೆ ಇಳಿದಿತ್ತು, ಬಲಗೈಯದು ಐದನೇ ದಿನ. ಎರಡಕ್ಕೂ ಆರನೇ ವಾರವೇ ಪ್ಲಾಸ್ಟರ್ ಬಿಚ್ಚಿದರು. ಇದು ನ್ಯಾಯವಾದ ಪಂದ್ಯ ಅಲ್ಲ ಅನ್ನುವುದು ಗೊತ್ತು. ಎಡಗಡೆ ಮೂಳೆ ಸ್ವಲ್ಪ ಜರುಗಿತ್ತು, ಎಳೆದು ಕೂರಿಸಿದ್ದರು. ಬಲಗಡೆ ಬರೀ ಬಿರುಕು. ವಯಸ್ಸೂ ಬೇರೆ. ಗುಳಿಗೆ ಕೆಲಸ ಮಾಡಲಿಲ್ಲ ಎಂದು ನನ್ನ ಎರಡು ಕೈ ಸಾಬೀತು ಮಾಡುವುದಿಲ್ಲ. ಆದರೆ ಕೆಲಸ ಮಾಡಿತು ಎಂದು ಆರು ವರ್ಷ ಹೇಳಿಕೊಂಡು ತಿರುಗಿದೆನಲ್ಲ, ಅದಕ್ಕೆ ಇದ್ದದ್ದು ಒಂದೇ ಕೈ.

ದೊಡ್ಡ ವ್ಯತ್ಯಾಸ ಕಂಡದ್ದು ಬೇರೆ ಕಡೆ. ಎಡಗೈ ಮುರಿದಾಗ ಹೆದರಿಕೊಂಡು ಬೆರಳನ್ನೂ ಅಲ್ಲಾಡಿಸಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ಬೆರಳು ಸಡಿಲವಾಗಲು ಮೂರು ವಾರ ಬೇಕಾಯಿತು. ಎರಡನೇ ಸಲ ಮೊದಲ ದಿನದಿಂದಲೇ ಬೆರಳು ಮಡಚಿ ಬಿಚ್ಚಿ ಮಾಡಲು ಹೇಳಿದರು. ಭುಜವನ್ನೂ ಮೊಣಕೈಯನ್ನೂ ಆಡಿಸಲು ಹೇಳಿದರು. ಬಿಚ್ಚಿದ ದಿನವೇ ಲೋಟ ಹಿಡಿದೆ. ಮಣಿಕಟ್ಟು ಮಾತ್ರ ಎರಡು ಸಲವೂ ಮರದ ಕೊರಡಿನಂತೆ ಆಗಿತ್ತು. ಅದಕ್ಕೆ ಫಿಸಿಯೋಥೆರಪಿ ಬಿಟ್ಟು ಬೇರೆ ದಾರಿಯಿಲ್ಲ. ಬೇಜಾರಿನ ಕೆಲಸ. ಗುಳಿಗೆ ಚೀಪುವಷ್ಟು ಸುಖ ಅದರಲ್ಲಿಲ್ಲ.

ನೋವಿಗೆ ಏನು ಎಂದು ಕೇಳಿದರೆ, ಎರಡು ಸಲವೂ ಕೈ ಹಿಡಿದದ್ದು ಪ್ಯಾರಾಸಿಟಮಾಲ್, ಮತ್ತೆ ಕೈಯನ್ನು ಎದೆಗಿಂತ ಮೇಲೆ ಎತ್ತಿ ದಿಂಬಿನ ಮೇಲೆ ಇಟ್ಟುಕೊಳ್ಳುವುದು. ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು. ಯಕೃತ್ತಿಗೆ ಪೆಟ್ಟು. ಸಕ್ಕರೆ ಗುಳಿಗೆಗೆ ಇಂಥ ಮಿತಿಯಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ನಿಜ. ಆದರೆ ಒಂದು ಗಂಟೆಯಲ್ಲಿ ಏಳರಿಂದ ನಾಲ್ಕಕ್ಕೆ ಇಳಿಸುವ ಶಕ್ತಿಯೂ ಅದಕ್ಕಿಲ್ಲ.

ಗುಳಿಗೆಯೊಳಗೆ ಏನಿದೆ?

ಹೋಮಿಯೋಪತಿ ಕಟ್ಟಿದವರು ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್. 1796ರಲ್ಲಿ ಅವರು ತಮ್ಮ ವಿಚಾರ ಮುಂದಿಟ್ಟರು. ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ, ಆ ಲಕ್ಷಣದ ರೋಗಕ್ಕೆ ಅದೇ ವಸ್ತು ಮದ್ದು ಅನ್ನುವುದು ಮೂಲ ಸೂತ್ರ. ಮದ್ದನ್ನು ತೆಳುಗೊಳಿಸಿದಷ್ಟೂ ಶಕ್ತಿ ಜಾಸ್ತಿ ಅನ್ನುವುದು ಎರಡನೇದು. 30 ಅಂದರೆ ಒಂದು ಪಾಲಿಗೆ 99 ಪಾಲು ನೀರೋ ಆಲ್ಕೋಹಾಲೋ ಬೆರೆಸಿ ಕುಲುಕುವುದು, ಹೀಗೆ 30 ಸಲ. ಕೊನೆಗೆ ಉಳಿಯುವುದು ಒಂದರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿನಲ್ಲಿ ಒಂದು ಪಾಲು. ಹನ್ನೆರಡನೇ ಸಲ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಕಡಿಮೆ. ನಾನು ಚೀಪಿದ ಸಿಂಫೈಟಮ್ ಅನ್ನು 200 ಸಲ ತೆಳುಗೊಳಿಸಿದ್ದರು.

ಸಿಂಫೈಟಮ್ ಅಂದರೆ ಕಾಮ್‌ಫ್ರೀ ಗಿಡ. ಯುರೋಪಿನಲ್ಲಿ ಅದಕ್ಕೆ ಮೂಳೆ ಹೆಣೆಯುವ ಗಿಡ ಎಂದೇ ಹೆಸರು. ಹಿಂದೆ ಅದರ ಬೇರನ್ನು ಜಜ್ಜಿ ಮುರಿದ ಕೈಕಾಲಿನ ಸುತ್ತ ಮೆತ್ತುತ್ತಿದ್ದರು. ಒಣಗಿದರೆ ಅದು ಬಿಗಿದು ಗಟ್ಟಿಯಾಗುತ್ತಿತ್ತು. ಓದಿದಾಗ ನಗು ಬಂತು. ಅಂದರೆ ಅದೂ ಒಂದು ಪ್ಲಾಸ್ಟರೇ! ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಥೈಸನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿದ ಪಟ್ಟಿಗಳನ್ನು ಬಳಕೆಗೆ ತಂದದ್ದು 1850ರ ದಶಕದ ಶುರುವಿನಲ್ಲಿ. ಅದಕ್ಕೂ ಮುಂಚೆ ಆ ಬೇರಿಗೆ ಬಂದ ಹೆಸರಿನಲ್ಲಿ ಅರ್ಧ ಪಾಲು ಆ ಬಿಗಿತದ್ದೇ ಇರಬೇಕು ಎಂದು ನನ್ನ ಊಹೆ.

ಒಂದು ಎಚ್ಚರಿಕೆ. 30, 200 ಬೇರೆ, ಹೀಗೆ ತೆಳುಗೊಳಿಸುವ ಮುಂಚಿನ ಮೂಲ ದ್ರಾವಣ, ಅಂದರೆ ಮದರ್ ಟಿಂಕ್ಚರ್ ಬೇರೆ. ಟಿಂಕ್ಚರಿನಲ್ಲಿ ಗಿಡದ ಅಂಶ ನಿಜವಾಗಿಯೂ ಇರುತ್ತದೆ. ಕಾಮ್‌ಫ್ರೀಯಲ್ಲಿ ಯಕೃತ್ತನ್ನು ಕೆಡಿಸುವ ವಿಷವಿದೆ. ಹೊಟ್ಟೆಗೆ ತೆಗೆದುಕೊಳ್ಳುವ ಕಾಮ್‌ಫ್ರೀ ಪದಾರ್ಥಗಳನ್ನು ಮಾರುಕಟ್ಟೆಯಿಂದ ತೆಗೆಯಿರಿ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲೇ ಕಂಪನಿಗಳಿಗೆ ಹೇಳಿತ್ತು. "ಹೋಮಿಯೋಪತಿ ಅಂಗಡಿಯದು, ಏನೂ ಆಗಲ್ಲ" ಎಂದು ಟಿಂಕ್ಚರ್ ಕುಡಿಯಬೇಡಿ.

ಮೂಗೇಟು ಮತ್ತು ಎರಡು ಸೀಸೆ

ಆರ್ನಿಕಾವನ್ನು ಮಾತ್ರ ಸುಲಭಕ್ಕೆ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಚಿಕ್ಕಂದಿನಿಂದ ಬಿದ್ದಾಗಲೆಲ್ಲ ಬಾಯಿಗೆ ಬಿದ್ದದ್ದು ಅದೇ. ಆದ್ದರಿಂದ ಅಕ್ಕನ ಜೊತೆ ಒಂದು ಆಟ ಹೂಡಿದೆ. ಒಂದು ಸೀಸೆಯಲ್ಲಿ ಆರ್ನಿಕಾ 30, ಇನ್ನೊಂದರಲ್ಲಿ ಔಷಧಿ ಹಾಕದ ಖಾಲಿ ಗುಳಿಗೆ. ಒಂದಕ್ಕೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ನೀಲಿ. ಯಾವುದು ಯಾವುದೆಂದು ಅಕ್ಕನಿಗೆ ಮಾತ್ರ ಗೊತ್ತು. ಭಾನುವಾರ ದೂರ ಓಡಿ ಬಂದ ಮೇಲೆ ಮೈಕೈ ನೋವಿಗೆ ಒಂದು ವಾರ ಕೆಂಪು, ಒಂದು ವಾರ ನೀಲಿ. ಹತ್ತು ವಾರ. ನೀಲಿಯೇ ಆರ್ನಿಕಾ ಎಂದು ನಾನು ಪಣ ಕಟ್ಟುವಷ್ಟು ನಂಬಿದ್ದೆ. ನೀಲಿ ಖಾಲಿ ಗುಳಿಗೆ ಆಗಿತ್ತು.

ಅಕ್ಕ ಎಷ್ಟು ನಕ್ಕಳು ಅಂದರೆ ಈಗಲೂ ನೆನಪಿಸಿಕೊಂಡು ನಗುತ್ತಾಳೆ. ಆಮೇಲೆ ನೋಡಿದರೆ ಇದೇ ಆಟವನ್ನು ನನಗಿಂತ ನೆಟ್ಟಗೆ ಆಡಿದವರಿದ್ದಾರೆ. ದೂರ ಓಡುವವರ ಮೇಲೆ ನಡೆಸಿದ ಪರೀಕ್ಷೆ 1998ರಲ್ಲಿ ಪ್ರಕಟವಾಗಿದೆ. ಆರ್ನಿಕಾಕ್ಕೂ ಖಾಲಿ ಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲ. 2003ರಲ್ಲಿ ಬ್ರಿಟನ್ನಿನ ವೈದ್ಯರು ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 64 ಜನರಿಗೆ ಆರ್ನಿಕಾ 30, ಆರ್ನಿಕಾ 6 ಅಥವಾ ಖಾಲಿ ಗುಳಿಗೆ ಕೊಟ್ಟು ನೋಡಿದರು. ನೋವಿನಲ್ಲೂ ಕಂದಿದ ಕಲೆಯಲ್ಲೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಆರ್ನಿಕಾ ಜೆಲ್ ವಿಷಯ ಬೇರೆ. ಎಷ್ಟೋ ಜೆಲ್‌ಗಳಲ್ಲಿ ಗಿಡದ ಸಾರ ನಿಜವಾಗಿಯೂ ಇರುತ್ತದೆ. ಅದು ಹೋಮಿಯೋಪತಿ ಅನ್ನುವುದಕ್ಕಿಂತ ಗಿಡಮೂಲಿಕೆ. ಒಮ್ಮೆ ಮೆಟ್ಟಿಲಿನಿಂದ ಜಾರಿ ಎರಡೂ ಮೊಣಕಾಲ ಕೆಳಗೆ ಒಂದೇ ತರಹ ಏಟು ಬಿತ್ತು. ಎಡಗಾಲಿಗೆ ಜೆಲ್ ಹಚ್ಚಿದೆ, ಬಲಗಾಲಿಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಟ್ಟೆ. ಎರಡೂ ನೀಲಿಯಾಗಿ, ಹಸಿರಾಗಿ, ಹಳದಿಯಾಗಿ, ಹನ್ನೆರಡು ದಿನಕ್ಕೆ ಮಾಸಿದವು. ಚರ್ಮದ ಕೆಳಗೆ ಚೆಲ್ಲಿದ ರಕ್ತದ ಬಣ್ಣವನ್ನು ಮೈ ಒಡೆದು ಒಡೆದು ತೆಗೆಯುವ ಕ್ರಮವೇ ಅದು. ಮೊದಲ ದಿನದ ಉರಿಗೆ ಐಸ್ ಹಿತವೆನಿಸಿತು. ಜೆಲ್ ತಿಕ್ಕುವುದೂ ಹಿತವಾಗಿಯೇ ಇತ್ತು. ಚರ್ಮ ಒಡೆದಿದ್ದರೆ ಅದನ್ನು ಹಚ್ಚಬಾರದು, ಕೆಲವರಿಗೆ ಕೆಂಪು ಗಂಧೆ ಏಳುವುದೂ ಉಂಟು.

ಕಾಲು ಉಳುಕಿದ ಕತೆ

ಇದು ನಾನು ಹೇಳಲು ಇಷ್ಟಪಡದ ಭಾಗ. ಎರಡು ಕೈ ಮುರಿತದ ನಡುವೆ, ಸಿಂಫೈಟಮ್ ಹೊಗಳುತ್ತಿದ್ದ ಕಾಲದಲ್ಲಿ, ಬಲಗಾಲಿನ ಹರಡು (ಪಾದದ ಗಂಟು) ತಿರುಚಿಕೊಂಡಿತು. ಉಳುಕು ಅಂದುಕೊಂಡೆ. ಉಳುಕಿಗೆ ರೂಟಾ, ಊತಕ್ಕೆ ಆರ್ನಿಕಾ. ಎರಡೂ ಮನೆಯಲ್ಲೇ ಇದ್ದವು. ಒಂಬತ್ತು ದಿನ ಗುಳಿಗೆ ಚೀಪುತ್ತಾ ಕುಂಟಿದೆ. ದಿನವೂ "ಇವತ್ತು ಸ್ವಲ್ಪ ಪರವಾಗಿಲ್ಲ" ಎಂದು ಡೈರಿಯಲ್ಲಿ ಬರೆದಿದ್ದೇನೆ. ಅಂಕ ಮಾತ್ರ ಆರರಿಂದ ಕೆಳಗೆ ಇಳಿದಿಲ್ಲ. ಹತ್ತನೇ ದಿನ ಎಕ್ಸ್‌ರೇ ತೆಗೆಸಿದರೆ ಹೊರಗಡೆಯ ಮೂಳೆ, ಫಿಬುಲಾ, ಸೀಳಿತ್ತು. ಪುಣ್ಯಕ್ಕೆ ಜರುಗಿರಲಿಲ್ಲ. ಯಾವ ಡಾಕ್ಟರೂ ನನಗೆ ಹಾಗೆ ಮಾಡಲು ಹೇಳಿರಲಿಲ್ಲ. ತಪ್ಪು ಪೂರ್ತಿ ನನ್ನದೇ.

ಆಗ ಗೊತ್ತಿರಬೇಕಿತ್ತು ಅನ್ನಿಸುವ ಸಂಗತಿಯೊಂದಿದೆ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಹರಡಿನ ಏಟಿಗೆ ಸರಳ ನಿಯಮ ಮಾಡಿದರು. ಹರಡಿನ ಎರಡು ಬದಿಯ ಉಬ್ಬು ಮೂಳೆಗಳ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ನೋಯುತ್ತದೆಯೇ? ಏಟು ಬಿದ್ದ ತಕ್ಷಣವೂ, ಡಾಕ್ಟರ ಮುಂದೆಯೂ ನಾಲ್ಕು ಹೆಜ್ಜೆ ನಡೆಯಲು ಆಗುತ್ತಿಲ್ಲವೇ? ಎರಡರಲ್ಲಿ ಒಂದಕ್ಕೆ ಹೌದಾದರೂ ಎಕ್ಸ್‌ರೇ ಬೇಕು. ಮೊದಲ ದಿನ ನನಗೆ ಎರಡು ಹೆಜ್ಜೆಯೂ ಆಗಿರಲಿಲ್ಲ.

ಮಣಿಕಟ್ಟಿನಲ್ಲಿ ಇನ್ನೊಂದು ಮೋಸದ ಮೂಳೆ ಇದೆ, ಸ್ಕೇಫಾಯ್ಡ್. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಿದ್ದರೆ ಅನುಮಾನ ಪಡಬೇಕು. ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಅದರ ಮುರಿತ ಕಾಣುವುದೇ ಇಲ್ಲ. ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ. ಅದಕ್ಕೆ ರಕ್ತ ಸಿಗುವುದೇ ಕಷ್ಟ. ಸುಮ್ನೆ ಬಿಟ್ಟರೆ ಕೂಡಿಕೊಳ್ಳದೆ ಸಾಯಲೂಬಹುದು. ಪ್ಲಾಸ್ಟರ್ ಹಾಕಿದ ಮೇಲೂ ಬೆರಳು ಜೋಮು ಹಿಡಿದರೆ, ಬಿಳುಚಿಕೊಂಡರೆ, ಮಾತ್ರೆಗೂ ಜಗ್ಗದ ನೋವು ಏರುತ್ತಲೇ ಹೋದರೆ, ರಾತ್ರಿಯಾದರೂ ಸರಿ, ಓಡಬೇಕು. ಆಗ ಹೈಪರಿಕಮ್ ಗುಳಿಗೆ ಹುಡುಕುತ್ತಾ ಕೂರುವ ಹಾಗಿಲ್ಲ.

ಹೈಪರಿಕಮ್ ಅಂದ ಮೇಲೆ ಅದನ್ನೂ ಹೇಳುತ್ತೇನೆ. ನರ ಹೆಚ್ಚಿರುವ ಜಾಗದ ಏಟಿಗೆ ಅದನ್ನು ಕೊಡುತ್ತಾರೆ. ಬಾಗಿಲ ಸಂದಿಗೆ ಬೆರಳು ಸಿಕ್ಕಾಗ ತೆಗೆದುಕೊಂಡೆ. ತಣ್ಣೀರಿನಲ್ಲಿ ಬೆರಳು ಇಟ್ಟುಕೊಂಡದ್ದೂ ಆಗಲೇ. ಯಾವುದರಿಂದ ಕಡಿಮೆಯಾಯಿತೋ ಹೇಳಲಾರೆ, ತಣ್ಣೀರಿನ ಪರ ನನ್ನ ಒಲವು. ತರಚು ಗಾಯಕ್ಕೆ ಹೋಮಿಯೋಪತಿಯವರು ಕೊಡುವ ಕ್ಯಾಲೆಂಡುಲಾಗಿಂತ ಮೊದಲು ಶುದ್ಧ ನೀರಿನಲ್ಲಿ ತೊಳೆಯುವುದು ಮುಖ್ಯ.

ಅಕ್ಕ ಈಗಲೂ ಆರ್ನಿಕಾ ಸೀಸೆ ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾಳೆ. ಹೋದ ವರ್ಷ ನನ್ನ ಮೊಣಕಾಲಿಗೆ ಏಟು ಬಿದ್ದಾಗ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ "ಬಾಯಿ ತೆಗಿ" ಅಂದಳು. ತೆಗೆದೆ. ನಾಲ್ಕು ಗುಳಿಗೆ ಸುರಿದು, "ಕೆಂಪು ಚುಕ್ಕೆಯದು" ಅಂದಳು. ಗುಳಿಗೆ ಪೂರ್ತಿ ಕರಗುವ ಮೊದಲೇ ಎಕ್ಸ್‌ರೇ ಕೋಣೆಯಿಂದ ನನ್ನ ಹೆಸರು ಕೂಗಿದರು.