ದುಬೈಗೆ ಬಜ್ಪೆಯಿಂದ ಹೋಗೋದಾ, ಬೆಂಗಳೂರಿಂದಾ?

ಬಜ್ಪೆಯಿಂದ, ಅಂದ್ರೆ ಮಂಗಳೂರು ಏರ್‌ಪೋರ್ಟಿಂದ, ದುಬೈಗೆ ನೇರ ಲೆಕ್ಕದಲ್ಲಿ ಸುಮಾರು 2,460 ಕಿ.ಮೀ., ಬೆಂಗಳೂರಿಂದ 2,700 ಹತ್ರ, ಫ್ಲೈಟಲ್ಲಿ ಎರಡೂ ಕಡೆಯಿಂದ ನಾಲ್ಕು ಗಂಟೆ ಆಸುಪಾಸು, ಹಾಗಾಗಿ ಮೇಲೆ ಹೋದ್ಮೇಲೆ ದೊಡ್ಡ ವ್ಯತ್ಯಾಸ ಇಲ್ಲ ಮಾರಾಯ್ರೆ. ತಲೆನೋವು ಇರೋದು ನೆಲದ ಮೇಲೆ! ಉಡುಪಿಯಿಂದ ಬಜ್ಪೆಗೆ ಒಂದೂವರೆ ಗಂಟೆ ಸಾಕು, ಬೆಂಗಳೂರಿಗಾದ್ರೆ ರಾತ್ರಿ ಬಸ್ಸು, ಘಾಟಿ, ಬೆಳಿಗ್ಗೆ ಮೆಜೆಸ್ಟಿಕ್ಕಿಂದ ಮತ್ತೆ ದೇವನಹಳ್ಳಿ ಏರ್‌ಪೋರ್ಟಿಗೆ. ಕಳೆದ ಮಳೆಗಾಲ ಘಾಟಿಯಲ್ಲಿ ಬ್ಲಾಕ್ ಆಗಿ ಎರಡು ಗಂಟೆ ನಿಂತೆವು, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಎಣ್ಣೆ ಸೋರಿ ಇದ್ದ ಒಂದು ಒಳ್ಳೆ ಅಂಗಿಯೂ ಹೋಯ್ತು. ಬೆಂಗಳೂರಲ್ಲಿ ಫ್ಲೈಟ್ ಜಾಸ್ತಿ ಉಂಟು, ಒಮ್ಮೊಮ್ಮೆ ಟಿಕೆಟ್ ಕಮ್ಮಿ, ಆದ್ರೆ ಬಸ್ ಚಾರ್ಜು ಊಟ ಸೇರಿಸಿ ನೋಡಿ. ನಾನಂತೂ ಬಜ್ಪೆಯೇ. ಟಿಕೆಟಲ್ಲಿ ಟೈಮ್ ನೋಡಿ ಮೋಸ ಹೋಗ್ಬೇಡಿ, ದುಬೈಯಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.